ಔಷಧ, ಗ್ರಾಹಿ ಮತ್ತು ಡೋಸ್

ಔಷಧ ಕೆಲಸ ಮಾಡಬೇಕಾದರೆ ಅದರ ಅಣು ದೇಹದ ಯಾವುದಾದರೊಂದು ಅಣುವನ್ನು ಹೋಗಿ ಹಿಡಿಯಬೇಕು. ಹಿಡಿಸಿಕೊಳ್ಳುವ ಅಣು ಬಹಳಷ್ಟು ಸಲ ಒಂದು ಪ್ರೋಟೀನು. ಹಾರ್ಮೋನು, ನರಸಂವಾಹಕ ಮೊದಲಾದ ದೇಹದ ಸ್ವಂತ ಸಂದೇಶಗಳನ್ನು ಪಡೆದು ಜೀವಕೋಶಕ್ಕೆ ಮುಟ್ಟಿಸುವುದು ಆ ಪ್ರೋಟೀನಿನ ಕೆಲಸವಾಗಿದ್ದರೆ ಅದಕ್ಕೆ ಗ್ರಾಹಿ ಅಥವಾ ರಿಸೆಪ್ಟರ್ ಎನ್ನುತ್ತಾರೆ. ಔಷಧ ಜೀವಕೋಶಕ್ಕೆ ಹೊಸ ವಿದ್ಯೆಯನ್ನೇನೂ ಕಲಿಸುವುದಿಲ್ಲ. ಅದು ಮೊದಲೇ ಬಲ್ಲ ಕೆಲಸವನ್ನು ಹೆಚ್ಚಿಸುತ್ತದೆ, ತಗ್ಗಿಸುತ್ತದೆ ಇಲ್ಲವೆ ನಿಲ್ಲಿಸುತ್ತದೆ. ಎಷ್ಟು ಔಷಧಕ್ಕೆ ಎಷ್ಟು ಪರಿಣಾಮ ಎಂಬ ಲೆಕ್ಕವೇ ಡೋಸ್–ಪ್ರತಿಕ್ರಿಯೆ ಸಂಬಂಧ. ಪಠ್ಯಪುಸ್ತಕಗಳು ಇವೆರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಹೇಳುವುದುಂಟು. ಇತಿಹಾಸದಲ್ಲಿ ಅವು ಬೇರೆಯಾಗಿರಲೇ ಇಲ್ಲ. ಗ್ರಾಹಿಯನ್ನು ಯಾರೂ ಪ್ರತ್ಯೇಕಿಸಿ ತೋರಿಸಿರದ ಅರವತ್ತಕ್ಕೂ ಹೆಚ್ಚು ವರ್ಷ ಕಾಲ ಅದು ಇದೆ ಎನ್ನಲು ಸಿಗುತ್ತಿದ್ದ ಮುಖ್ಯ ಸಾಕ್ಷಿ ಡೋಸಿನ ವಕ್ರರೇಖೆಯೇ.

ಎಲ್ಲ ಔಷಧಗಳಿಗೂ ಗ್ರಾಹಿ ಬೇಕೆಂದಿಲ್ಲ. ಹೊಟ್ಟೆಯುರಿಗೆ ಕುಡಿಯುವ ಆಂಟಾಸಿಡ್ ಆಮ್ಲವನ್ನು ನೇರವಾಗಿ ತಟಸ್ಥಗೊಳಿಸುತ್ತದೆ. ಮ್ಯಾನಿಟಾಲ್ ನೀರನ್ನು ಎಳೆದುಕೊಳ್ಳುವುದರಿಂದಲೇ ಮೂತ್ರ ಹೆಚ್ಚಿಸುತ್ತದೆ. ಆಸ್ಪಿರಿನ್ ಹಿಡಿಯುವುದು ಒಂದು ಕಿಣ್ವವನ್ನು. ಈ ಲೇಖನದ ಗಮನ ಗ್ರಾಹಿಗಳ ಮೇಲಿದ್ದರೂ ಇಲ್ಲಿನ ಲೆಕ್ಕಾಚಾರದ ಬಹುಪಾಲು ಕಿಣ್ವಗಳಿಗೂ ಅನ್ವಯಿಸುತ್ತದೆ.

ಊಹೆಯಾಗಿ ಹುಟ್ಟಿದ ಗ್ರಾಹಿ

1878ರಲ್ಲಿ ಕೇಂಬ್ರಿಜ್‌ನ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ ಬೆಕ್ಕಿನ ಜೊಲ್ಲು ಗ್ರಂಥಿಯ ಮೇಲೆ ಎರಡು ಸಸ್ಯದ್ರವ್ಯಗಳನ್ನು ಪ್ರಯೋಗಿಸುತ್ತಿದ್ದ. ಪೈಲೊಕಾರ್ಪಿನ್ ಕೊಟ್ಟರೆ ಜೊಲ್ಲು ಸುರಿಯುತ್ತಿತ್ತು, ಅಟ್ರೋಪಿನ್ ಕೊಟ್ಟರೆ ನಿಲ್ಲುತ್ತಿತ್ತು. ಅಟ್ರೋಪಿನ್ ಜೊಲ್ಲನ್ನು ನಿಲ್ಲಿಸಿದ ಮೇಲೆ ಇನ್ನಷ್ಟು ಪೈಲೊಕಾರ್ಪಿನ್ ಕೊಟ್ಟರೆ ಮತ್ತೆ ಸುರಿಯತೊಡಗುತ್ತಿತ್ತು. ಯಾವುದು ಗೆಲ್ಲುತ್ತದೆ ಎಂಬುದು ಯಾವುದು ಎಷ್ಟಿದೆ ಎಂಬುದರ ಮೇಲೆ ನಿಂತಿತ್ತು. ಎರಡೂ ಒಂದೇ ವಸ್ತುವಿಗಾಗಿ ಪೈಪೋಟಿ ನಡೆಸುತ್ತಿರಬೇಕು ಎಂದು ಅವನು ಬರೆದ. ಆ ವಸ್ತು ಏನೆಂದು ಹೇಳುವ ದಾರಿ ಆಗ ಇರಲಿಲ್ಲ.

1905ರ ಹೊತ್ತಿಗೆ ಅವನ ಕೈಯಲ್ಲಿ ಇನ್ನೂ ಗಟ್ಟಿಯಾದ ಸಾಕ್ಷಿಯಿತ್ತು. ಕೋಳಿಯ ಸ್ನಾಯುವಿಗೆ ನಿಕೊಟಿನ್ ಹಚ್ಚಿದರೆ ಅದು ಬಿಗಿದುಕೊಳ್ಳುತ್ತದೆ. ದಕ್ಷಿಣ ಅಮೆರಿಕದ ಬಾಣವಿಷವಾದ ಕುರಾರೆ ಅದನ್ನು ತಡೆಯುತ್ತದೆ. ನಿಕೊಟಿನ್ ನರದ ತುದಿಯ ಮೇಲೆ ಕೆಲಸ ಮಾಡುತ್ತಿರಬಹುದೆ? ನರವನ್ನು ಮೊದಲೇ ಕತ್ತರಿಸಿ, ಅದರ ತುದಿಗಳು ನಶಿಸಿದ ಮೇಲೂ ನಿಕೊಟಿನ್‌ಗೆ ಸ್ನಾಯು ಬಿಗಿಯಿತು. ಹಾಗಾದರೆ ಸಂಕುಚಿಸುವ ಯಂತ್ರವನ್ನೇ ಅದು ಮುಟ್ಟುತ್ತಿದೆಯೆ? ಅದೂ ಅಲ್ಲ, ಕುರಾರೆ ಕೊಟ್ಟ ಸ್ನಾಯುವಿಗೆ ನೇರವಾಗಿ ವಿದ್ಯುತ್ ಹಾಯಿಸಿದರೆ ಅದು ಎಂದಿನಂತೆ ಬಿಗಿಯುತ್ತಿತ್ತು. ನರವೂ ಅಲ್ಲದ, ಸಂಕುಚಿಸುವ ತಂತುವೂ ಅಲ್ಲದ ಮೂರನೆಯದೊಂದು ಪದಾರ್ಥ ನಡುವೆ ಇದ್ದು, ಅದು ಸಂದೇಶ ಪಡೆದು ದಾಟಿಸುತ್ತದೆ ಎಂದು ಲ್ಯಾಂಗ್ಲಿ ತೀರ್ಮಾನಿಸಿದ. ಒಂದನ್ನೂ ಕಾಣದೆ, ಒಂದೊಂದೇ ಸಾಧ್ಯತೆಯನ್ನು ತಳ್ಳಿಹಾಕುತ್ತ ಬಂದ ಈ ವಾದಸರಣಿ ಔಷಧಶಾಸ್ತ್ರದ ಅತ್ಯಂತ ಸೊಗಸಾದ ತರ್ಕಗಳಲ್ಲೊಂದು.

ಇದೇ ಕಾಲಕ್ಕೆ ಜರ್ಮನಿಯಲ್ಲಿ ಪಾಲ್ ಎರ್ಲಿಕ್ ರೋಗನಿರೋಧಕ ಶಕ್ತಿಯನ್ನು ವಿವರಿಸಲು ಗ್ರಾಹಿಯ ಕಲ್ಪನೆಯನ್ನು ಬೇರೊಂದು ದಿಕ್ಕಿನಿಂದ ತಲುಪಿದ್ದ. ರೋಗಾಣುಗಳ ವಿಷ ಜೀವಕೋಶಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ ಎಂಬುದು ಅವನಿಗೆ ಒಪ್ಪಿತವಾಗಿತ್ತು. ಆದರೆ ಸಾಧಾರಣ ಔಷಧಗಳು ಅಂಗಾಂಶವನ್ನು ತೊಳೆದರೆ ಸುಲಭವಾಗಿ ಬಿಟ್ಟುಹೋಗುತ್ತವಾದ್ದರಿಂದ ಅವಕ್ಕೂ ಗ್ರಾಹಿಗಳಿವೆ ಎನ್ನಲು ಅವನು ಹಿಂಜರಿದ. ಲ್ಯಾಂಗ್ಲಿಯ ಕೆಲಸ ನೋಡಿದ ಮೇಲೆ, 1907ರಲ್ಲಿ, ಆ ಹಿಂಜರಿಕೆಯನ್ನು ಬಿಟ್ಟ. ಅವನ ಹಿಂಜರಿಕೆಗೆ ಅರ್ಥವಿತ್ತು. ಬಹುತೇಕ ಔಷಧಗಳು ಗ್ರಾಹಿಯನ್ನು ಹಿಡಿಯುವುದು ದುರ್ಬಲ ಬಂಧಗಳಿಂದ: ವಿದ್ಯುದಾವೇಶಗಳ ಸೆಳೆತ, ಹೈಡ್ರೋಜನ್ ಬಂಧ, ಎಣ್ಣೆಯಂಥ ಭಾಗಗಳ ಪರಸ್ಪರ ಒತ್ತಾಟ. ಹಿಡಿದದ್ದು ಬಿಡುತ್ತದೆ, ಬಿಟ್ಟದ್ದು ಮತ್ತೆ ಹಿಡಿಯುತ್ತದೆ. ಮುಂದಿನ ಲೆಕ್ಕವೆಲ್ಲ ಹುಟ್ಟುವುದು ಈ ಹಿಡಿ–ಬಿಡುವಿನಿಂದ.

ಕಪ್ಪೆಯ ಸ್ನಾಯು, ಮಸಿಯ ಕಾಗದ

ಡೋಸ್–ಪ್ರತಿಕ್ರಿಯೆಯ ಪ್ರಯೋಗವನ್ನು ಕರ್ನಾಟಕದ ಮೆಡಿಕಲ್ ಮತ್ತು ಫಾರ್ಮಸಿ ಕಾಲೇಜುಗಳಲ್ಲಿ ಹಲವು ತಲೆಮಾರುಗಳು ಕಪ್ಪೆಯ ಹೊಟ್ಟೆಯ ನೀಳ ಸ್ನಾಯುವಿನ ಮೇಲೆ ಮಾಡಿವೆ. ಸ್ನಾಯುವಿನ ಒಂದು ತುದಿಯನ್ನು ಗಾಜಿನ ನಳಿಕೆಯ ತಳಕ್ಕೆ, ಇನ್ನೊಂದನ್ನು ದಾರದಿಂದ ಹಗುರವಾದ ಸನ್ನೆಗೆ ಕಟ್ಟುತ್ತಾರೆ. ನಳಿಕೆಯಲ್ಲಿ ಉಪ್ಪುಗಳು ಬೆರೆತ ರಿಂಗರ್ ದ್ರಾವಣ, ಅದರೊಳಗೆ ಗುಳುಗುಳು ಗಾಳಿ. ಸನ್ನೆಯ ಮೊನೆ ಮಸಿ ಹಿಡಿಸಿದ ಕಾಗದಕ್ಕೆ ತಾಗಿರುತ್ತದೆ. ಕಾಗದ ಸುತ್ತಿದ ಡ್ರಮ್ಮು ನಿಧಾನ ತಿರುಗುತ್ತಿರುತ್ತದೆ. ಅಸಿಟೈಲ್‌ಕೊಲಿನ್ ಎಂಬ ನರಸಂವಾಹಕದ 0.1 ಮಿ.ಲೀ. ಹಾಕಿ 90 ಸೆಕೆಂಡು ಕಾಯಬೇಕು. ಮೊನೆ ಮಸಿಯನ್ನು ಗೀರುತ್ತ ಮೇಲೇರುತ್ತದೆ. ದ್ರಾವಣ ಚೆಲ್ಲಿ, ಸ್ನಾಯುವನ್ನು ತೊಳೆದು, ಅದು ಸಡಿಲವಾದ ಮೇಲೆ 0.2, ಆಮೇಲೆ 0.4, ಆಮೇಲೆ 0.8. ಪ್ರತಿ ಸಲವೂ ಇಮ್ಮಡಿ.

ಮೊದಮೊದಲು ಗೀರುಗಳು ಚೆನ್ನಾಗಿ ಎತ್ತರವಾಗುತ್ತ ಹೋಗುತ್ತವೆ. ಬಳಿಕ ಏರಿಕೆ ಕುಗ್ಗುತ್ತದೆ. ಕೊನೆಕೊನೆಗೆ ಡೋಸನ್ನು ಇಮ್ಮಡಿ ಮಾಡಿದರೂ ಗೀರು ಒಂದು ಕೂದಲಿನಷ್ಟೂ ಏರುವುದಿಲ್ಲ. ಪ್ರಾಣಿಬಳಕೆಯ ನಿಯಮಗಳು ಬಿಗಿಯಾದ ಮೇಲೆ ಈಗಿನ ವಿದ್ಯಾರ್ಥಿಗಳು ಇದನ್ನು ಕಂಪ್ಯೂಟರ್ ಪರದೆಯ ಮೇಲೆ ನೋಡುತ್ತಾರೆ. ಕಪ್ಪೆಗಳ ಮಟ್ಟಿಗೆ ಒಳ್ಳೆಯದೇ ಆಯಿತು. ಆದರೆ ಪರದೆಯ ಸ್ನಾಯು ದಣಿಯುವುದಿಲ್ಲ, ಎರಡು ಸಲ ಒಂದೇ ಡೋಸಿಗೆ ಎರಡು ಎತ್ತರ ಕೊಟ್ಟು ಗೊಂದಲಕ್ಕೆ ಹಾಕುವುದಿಲ್ಲ. ಜೀವಂತ ಅಂಗಾಂಶದ ಆ ಹಟಮಾರಿತನವನ್ನು ಪರದೆ ಕಲಿಸಲಾರದು.

ಇದೇ ಸ್ನಾಯುವಿನ ಮೇಲೆ, ಕೇಂಬ್ರಿಜ್‌ನಲ್ಲಿಯೇ, 1909ರಲ್ಲಿ ಎ. ವಿ. ಹಿಲ್ ಎಂಬ ತರುಣ ನಿಕೊಟಿನ್ ಹಚ್ಚಿ ವಕ್ರರೇಖೆ ಎಳೆದ. ಗಣಿತ ಓದಿ ಬಂದಿದ್ದ ಅವನಿಗೆ ಆ ರೇಖೆಯಲ್ಲಿ ಒಂದು ರಾಸಾಯನಿಕ ಸಮತೋಲನ ಕಂಡಿತು. ಔಷಧದ ಅಣುಗಳು ಗ್ರಾಹಿಯನ್ನು ಹಿಡಿಯುವ ವೇಗವೂ ಬಿಡುವ ವೇಗವೂ ಸಮವಾದಾಗ ಎಷ್ಟು ಗ್ರಾಹಿಗಳು ತುಂಬಿರುತ್ತವೆ ಎಂಬುದಕ್ಕೆ ಸರಳ ಸೂತ್ರವೊಂದಿದೆ: ಔಷಧದ ಸಾಂದ್ರತೆಯನ್ನು, ಅದೇ ಸಾಂದ್ರತೆ ಮತ್ತು ಒಂದು ಸ್ಥಿರಾಂಕ ಇವೆರಡರ ಮೊತ್ತದಿಂದ ಭಾಗಿಸಬೇಕು. ಆ ಸ್ಥಿರಾಂಕವೇ ವಿಘಟನ ಸ್ಥಿರಾಂಕ. ಗ್ರಾಹಿಗಳಲ್ಲಿ ಸರಿಯಾಗಿ ಅರ್ಧ ತುಂಬಲು ಬೇಕಾದ ಸಾಂದ್ರತೆ ಅದು.

ಸೂತ್ರ ಚಿಕ್ಕದು, ಅದರ ಪರಿಣಾಮ ದೊಡ್ಡದು. ಸಾಂದ್ರತೆ ಸ್ಥಿರಾಂಕದ ಹತ್ತನೆಯ ಒಂದು ಭಾಗವಿದ್ದರೆ ತುಂಬುವುದು ಸುಮಾರು ಶೇ 9ರಷ್ಟು ಗ್ರಾಹಿಗಳು, ಸಮವಿದ್ದರೆ 50, ಹತ್ತು ಪಟ್ಟಾದರೆ 91, ನೂರು ಪಟ್ಟಾದರೆ 99. ಹತ್ತು ಪಟ್ಟಿನಿಂದ ನೂರು ಪಟ್ಟಿಗೆ ಏರಿಸಿ ಗಳಿಸಿದ್ದು ಶೇ 8 ಮಾತ್ರ. ಶೇ 10ರಿಂದ 90ಕ್ಕೆ ಮುಟ್ಟಲು ಸಾಂದ್ರತೆಯನ್ನು 81 ಪಟ್ಟು ಮಾಡಬೇಕು. ಇಷ್ಟು ಅಗಲದ ವ್ಯಾಪ್ತಿಯನ್ನು ಒಂದು ಪುಟದಲ್ಲಿ ಹಿಡಿಸಲು ಡೋಸನ್ನು ಲಾಗರಿದಮ್ ಮಾಪನದಲ್ಲಿ ಬರೆಯುತ್ತಾರೆ. ಆಗ ರೇಖೆ ಮಲಗಿದ ಎಸ್ ಅಕ್ಷರದಂತೆ ಕಾಣುತ್ತದೆ. ಅದರ ನಡುಭಾಗ ಹೆಚ್ಚುಕಡಿಮೆ ನೇರ. ವೈದ್ಯರು ಡೋಸನ್ನು ಸ್ವಲ್ಪ ಸ್ವಲ್ಪ ಏರಿಸಿ ಫಲ ಕಾಣುವುದು ಆ ನಡುಭಾಗದಲ್ಲಿ. ಮೇಲಿನ ಸಮತಟ್ಟಿಗೆ ಬಂದ ಮೇಲೆ ಏರಿಸಿದ ಡೋಸು ಬಯಸಿದ ಪರಿಣಾಮವನ್ನು ಹೆಚ್ಚಿಸುವುದಿಲ್ಲ, ಬಯಸದವನ್ನು ಹೆಚ್ಚಿಸುತ್ತದೆ.

ಈ ವಿಚಾರವನ್ನು ಪೂರ್ಣ ಸಿದ್ಧಾಂತವಾಗಿ ಕಟ್ಟಿದವನು ಎ. ಜೆ. ಕ್ಲಾರ್ಕ್. 1926ರಲ್ಲಿ ಅವನು ಕಪ್ಪೆಯ ಹೃದಯ ಮತ್ತು ಅದೇ ಹೊಟ್ಟೆಯ ಸ್ನಾಯುವಿನ ಮೇಲೆ ಅಸಿಟೈಲ್‌ಕೊಲಿನ್‌ನ ರೇಖೆಗಳನ್ನು ಪ್ರಕಟಿಸಿದ. ಪರಿಣಾಮಕ್ಕೆ ಬೇಕಾದ ಅಣುಗಳನ್ನು ಲೆಕ್ಕ ಹಾಕಿ ನೋಡಿದರೆ ಅವು ಜೀವಕೋಶದ ಮೇಲ್ಮೈಯ ಅತ್ಯಲ್ಪ ಭಾಗವನ್ನಷ್ಟೇ ಮುಚ್ಚಬಲ್ಲವಾಗಿದ್ದವು. ಔಷಧ ಜೀವಕೋಶದ ಹೊದಿಕೆಯನ್ನೆಲ್ಲ ಆವರಿಸಿ ಅದರ ಭೌತ ಗುಣವನ್ನು ಬದಲಿಸುತ್ತದೆ ಎನ್ನುತ್ತಿದ್ದವರಿಗೆ ಇದು ನುಂಗಲಾಗದ ತುತ್ತಾಯಿತು. ಕೆಲಸ ಕೆಲವೇ ನಿರ್ದಿಷ್ಟ ತಾಣಗಳಲ್ಲಿ ನಡೆಯುತ್ತಿರಲೇಬೇಕಿತ್ತು.

ಹಿಡಿಯುವುದು, ಕೆಲಸ ಮಾಡಿಸುವುದು

ಕ್ಲಾರ್ಕ್‌ನ ಸಿದ್ಧಾಂತದಲ್ಲಿ ಒಂದು ತೊಡಕಿತ್ತು. ಎಷ್ಟು ಗ್ರಾಹಿ ತುಂಬಿತೋ ಅಷ್ಟೇ ಪರಿಣಾಮ ಎಂದು ಅದು ಬಹುಮಟ್ಟಿಗೆ ಭಾವಿಸಿತ್ತು. ಹಾಗಿದ್ದರೆ ಅಟ್ರೋಪಿನ್ ಗ್ರಾಹಿಯನ್ನು ಹಿಡಿದೂ ಸುಮ್ಮನಿರುವುದು ಹೇಗೆ? ಕೆಲವು ಔಷಧಗಳು ಎಷ್ಟು ಕೊಟ್ಟರೂ ಅರ್ಧ ಪರಿಣಾಮಕ್ಕೇ ನಿಲ್ಲುವುದೇಕೆ?

1954ರಲ್ಲಿ ನೆದರ್ಲೆಂಡ್ಸ್‌ನ ಆರಿಯೆನ್ಸ್, 1956ರಲ್ಲಿ ಎಡಿನ್‌ಬರೊದ ಸ್ಟೀಫನ್‌ಸನ್ ಈ ಗಂಟನ್ನು ಬಿಡಿಸಿದರು. ಹಿಡಿಯುವ ಗುಣ ಬೇರೆ, ಹಿಡಿದ ಮೇಲೆ ಗ್ರಾಹಿಯಿಂದ ಕೆಲಸ ಮಾಡಿಸುವ ಗುಣ ಬೇರೆ. ಮೊದಲನೆಯದು ಅಫಿನಿಟಿ, ಎರಡನೆಯದು ಎಫಿಕಸಿ. ಎರಡೂ ಇರುವ ಔಷಧ ಆಗೊನಿಸ್ಟ್. ಮೊದಲನೆಯದು ಮಾತ್ರ ಇದ್ದರೆ ಅದು ಆಂಟಾಗೊನಿಸ್ಟ್. ಜಾಗ ಹಿಡಿದು ಕೂತು ಇತರರಿಗೆ ಎಡೆಗೊಡದು. ಎಫಿಕಸಿ ಕಡಿಮೆಯಿದ್ದರೆ ಭಾಗಶಃ ಆಗೊನಿಸ್ಟ್. ಗ್ರಾಹಿಗಳನ್ನೆಲ್ಲ ತುಂಬಿದರೂ ಇದರ ರೇಖೆ ಪೂರ್ಣ ಎತ್ತರಕ್ಕೆ ಏರುವುದಿಲ್ಲ.

ನೋವುನಿವಾರಕವಾಗಿಯೂ ಓಪಿಯಾಯ್ಡ್ ಚಟದ ಚಿಕಿತ್ಸೆಗೂ ಬಳಸುವ ಬುಪ್ರೆನಾರ್ಫಿನ್ ಇದಕ್ಕೆ ಹೆಸರಾದ ಉದಾಹರಣೆ. ಮಾರ್ಫಿನ್‌ಗಿಂತ ಬಿಗಿಯಾಗಿ ಅದು ಗ್ರಾಹಿಯನ್ನು ಹಿಡಿಯುತ್ತದೆ, ಆದರೆ ಮಾಡಿಸುವ ಕೆಲಸ ಕಡಿಮೆ. ಉಸಿರಾಟ ಕುಗ್ಗಿಸುವ ಅದರ ಪರಿಣಾಮ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ಒಂಟಿಯಾಗಿ ತೆಗೆದುಕೊಂಡಾಗ ಅದು ಮಾರ್ಫಿನ್, ಹೆರಾಯಿನ್‌ಗಳಿಗಿಂತ ಸುರಕ್ಷಿತವಾಗಿರುವುದು ಇದರಿಂದ. ಹೆರಾಯಿನ್ ಮೈಯಲ್ಲಿರುವಾಗಲೇ ಬುಪ್ರೆನಾರ್ಫಿನ್ ಕೊಟ್ಟರೆ ಮಾತ್ರ ಅದು ಪೂರ್ಣ ಆಗೊನಿಸ್ಟನ್ನು ಗ್ರಾಹಿಯಿಂದ ಎಬ್ಬಿಸಿ ತಾನು ಕೂತುಕೊಂಡು, ರೋಗಿಗೆ ವಿತ್‌ಡ್ರಾವಲ್ ಯಾತನೆ ತಂದಿಡುತ್ತದೆ.

ಎಫಿಕಸಿಯೊಡನೆ ಹೆಚ್ಚಾಗಿ ಬೆರೆಸಿಬಿಡುವ ಇನ್ನೊಂದು ಮಾತು ಪೊಟೆನ್ಸಿ, ಎಂದರೆ ನಿರ್ದಿಷ್ಟ ಪರಿಣಾಮಕ್ಕೆ ಎಷ್ಟು ಕಡಿಮೆ ಪ್ರಮಾಣ ಸಾಕು ಎಂಬುದು. ಮೆಡಿಕಲ್ ಶಾಪಿನಲ್ಲಿ ‘ಸ್ವಲ್ಪ ಹೈ ಪವರ್‌ದು ಕೊಡಿ’ ಎಂದು ಕೇಳುವವರು ಸ್ಟ್ರಿಪ್ಪಿನ ಮೇಲಿನ ಮಿ.ಗ್ರಾಂ. ನೋಡಿ ಪವರ್ ಅಳೆಯುತ್ತಾರೆ. ಮೈಯಲ್ಲಿ ನೀರು ತುಂಬಿದವರಿಗೆ ಕೊಡುವ ಬ್ಯುಮೆಟನೈಡ್ 1 ಮಿ.ಗ್ರಾಂ., ಫ್ಯೂರೊಸಮೈಡ್ 40 ಮಿ.ಗ್ರಾಂ.; ಎರಡೂ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ಬ್ಯುಮೆಟನೈಡ್‌ನ ಪೊಟೆನ್ಸಿ ನಲವತ್ತು ಪಟ್ಟು, ಎಫಿಕಸಿ ಮಾತ್ರ ಎರಡರದ್ದೂ ಸಮ. ಅದೇ ಕೆಲಸಕ್ಕಿರುವ ಥಯಜೈಡ್ ಗುಂಪಿನ ಮಾತ್ರೆಗಳನ್ನು ಎಷ್ಟು ನುಂಗಿದರೂ ಫ್ಯೂರೊಸಮೈಡ್ ಹೊರಡಿಸುವಷ್ಟು ಮೂತ್ರ ಹೊರಡದು. ಅವುಗಳ ರೇಖೆಯ ನೆತ್ತಿಯೇ ತಗ್ಗಿನಲ್ಲಿದೆ. ರೋಗಿಗೆ ಮುಖ್ಯವಾದದ್ದು ನೆತ್ತಿಯ ಎತ್ತರ. ಪೊಟೆನ್ಸಿ ಮಾತ್ರೆಯ ಗಾತ್ರವನ್ನು ನಿರ್ಧರಿಸುವ ವಿಷಯ, ಜಾಹೀರಾತುದಾರರಿಗೆ ಅದರ ಮೇಲೆ ಎಷ್ಟೇ ಪ್ರೀತಿಯಿದ್ದರೂ.

ಸ್ಟೀಫನ್‌ಸನ್ ಇನ್ನೊಂದು ಮಾತನ್ನೂ ಹೇಳಿದ: ಪೂರ್ಣ ಪರಿಣಾಮಕ್ಕೆ ಎಲ್ಲ ಗ್ರಾಹಿಗಳೂ ತುಂಬಬೇಕಾಗಿಲ್ಲ. ಅದೇ 1956ರಲ್ಲಿ ಮಾರ್ಕ್ ನಿಕರ್ಸನ್ ಗಿನಿಯಿಲಿಯ ಕರುಳಿನ ಹಿಸ್ಟಮಿನ್ ಗ್ರಾಹಿಗಳನ್ನು ಕಳಚಿಕೊಳ್ಳದ ಔಷಧವೊಂದರಿಂದ ಭಾಗಶಃ ಮುಚ್ಚಿ ನೋಡಿದಾಗ, ಬಹುಪಾಲು ಗ್ರಾಹಿಗಳು ಹೋದ ಮೇಲೂ ಕರುಳು ಪೂರ್ಣ ಬಿಗಿಯಿತು. ಅದಕ್ಕೆ ಹೆಚ್ಚು ಡೋಸು ಬೇಕಾಯಿತು, ಅಷ್ಟೆ. ಹೀಗೆ ಉಳಿತಾಯವಾಗಿರುವವು ಮೀಸಲು ಗ್ರಾಹಿಗಳು. ಅರಿವಳಿಕೆ ತಜ್ಞರು ಈ ಮೀಸಲನ್ನು ಆಪರೇಷನ್ ಥಿಯೇಟರಿನಲ್ಲಿ ದಿನವೂ ಎದುರಿಸುತ್ತಾರೆ. ಸ್ನಾಯು ಸಡಿಲಿಸುವ ಔಷಧ ನರ–ಸ್ನಾಯು ಸಂಧಿಯ ಸುಮಾರು ಮುಕ್ಕಾಲು ಪಾಲು ಗ್ರಾಹಿಗಳನ್ನು ಹಿಡಿಯುವ ತನಕ ಸ್ನಾಯುವಿನ ಬಲ ಒಂದಿಷ್ಟೂ ಕುಂದುವುದಿಲ್ಲ ಎಂದು ಪೇಟನ್ ಮತ್ತು ವಾಡ್ 1967ರಲ್ಲಿ ಬೆಕ್ಕುಗಳಲ್ಲಿ ತೋರಿಸಿದರು. ಹಾಗಾಗಿ ಆಪರೇಷನ್ ಮುಗಿದು ರೋಗಿ ಕೈ ಎತ್ತಿದ ಮಾತ್ರಕ್ಕೆ ಔಷಧ ಪೂರ್ತಿ ಇಳಿದಿದೆ ಎಂದು ಅರ್ಥವಲ್ಲ. ಅರ್ಧಕ್ಕಿಂತ ಹೆಚ್ಚು ಗ್ರಾಹಿಗಳು ಇನ್ನೂ ಮುಚ್ಚಿರಬಹುದು. ಮಯಸ್ತೀನಿಯಾ ಗ್ರೇವಿಸ್ ಎಂಬ ಕಾಯಿಲೆಯಲ್ಲಿ ದೇಹದ ಪ್ರತಿಕಾಯಗಳೇ ಈ ಗ್ರಾಹಿಗಳನ್ನು ನಾಶ ಮಾಡಿ ಮೀಸಲನ್ನು ಬರಿದು ಮಾಡಿರುತ್ತವೆ. ಅಂಥವರಿಗೆ ಸಾಮಾನ್ಯ ಡೋಸಿನ ಸಣ್ಣ ಪಾಲೂ ಅತಿಯಾಗುತ್ತದೆ.

ತಡೆಯುವ ಔಷಧಗಳು

ಆಂಟಾಗೊನಿಸ್ಟ್ ಜೊತೆಗಿದ್ದರೆ ಆಗೊನಿಸ್ಟಿನ ರೇಖೆ ಏನಾಗುತ್ತದೆ? ಇಬ್ಬರೂ ಒಂದೇ ಜಾಗಕ್ಕೆ ಪೈಪೋಟಿ ನಡೆಸಿ, ಇಬ್ಬರೂ ಹಿಡಿ–ಬಿಡು ಮಾಡುವವರಾದರೆ, ರೇಖೆಯ ಆಕಾರವೂ ನೆತ್ತಿಯೂ ಹಾಗೆಯೇ ಉಳಿದು ಅದು ಇಡಿಯಾಗಿ ಬಲಕ್ಕೆ ಸರಿಯುತ್ತದೆ. ಗ್ಯಾಡಮ್ 1937ರಲ್ಲಿ ಇದರ ಸಮೀಕರಣ ಕೊಟ್ಟ. ಹೈನ್ಸ್ ಶಿಲ್ಡ್ ಅದನ್ನು ಅಳತೆಗೋಲಾಗಿ ಮಾಡಿದ. ಆಂಟಾಗೊನಿಸ್ಟಿನ ಸಾಂದ್ರತೆ ಅದರ ಸ್ಥಿರಾಂಕಕ್ಕೆ ಸಮವಿದ್ದರೆ ಮೊದಲಿನ ಪರಿಣಾಮಕ್ಕೆ ಎರಡು ಪಟ್ಟು ಆಗೊನಿಸ್ಟ್ ಬೇಕು, ಒಂಬತ್ತು ಪಟ್ಟಿದ್ದರೆ ಹತ್ತು ಪಟ್ಟು. ಶಿಲ್ಡ್ ಮತ್ತು ಅವನ ಸಹೋದ್ಯೋಗಿ ಅರುಣಲಕ್ಷಣ 1959ರಲ್ಲಿ ತೋರಿಸಿದ ಸರಳ ರೇಖಾಚಿತ್ರದಿಂದ, ಎರಡು ಅಂಗಾಂಶಗಳಲ್ಲಿರುವುದು ಒಂದೇ ಬಗೆಯ ಗ್ರಾಹಿಯೇ ಎಂದು ಗ್ರಾಹಿಯನ್ನು ಮುಟ್ಟದೆಯೇ ಹೇಳಬಹುದಾಯಿತು.

ಈ ಬಲಸರಿತ ಕಾಗದದ ಮೇಲಿನ ಸಂಗತಿಯಷ್ಟೇ ಆಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಕೀಟನಾಶಕ ಕುಡಿದವರನ್ನು ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳ ತುರ್ತು ಘಟಕಕ್ಕೆ ತಂದಾಗ ನಡೆಯುವುದು ಇದೇ. ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್‌ನಂಥ ಆರ್ಗನೊಫಾಸ್ಫೇಟ್‌ಗಳು ಅಸಿಟೈಲ್‌ಕೊಲಿನ್ ಅನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಒಡೆಯದೆ ಉಳಿದ ಅಸಿಟೈಲ್‌ಕೊಲಿನ್ ಎಲ್ಲೆಡೆ ಉಕ್ಕಿ ಹರಿಯುತ್ತದೆ. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಸೂಜಿಮೊನೆಯಷ್ಟು ಕಿರಿದಾದ ಕಣ್ಣಿನ ಪಾಪೆ, ಮಂದ ನಾಡಿ, ನೀರು ತುಂಬಿ ಗೊರಗೊರ ಎನ್ನುವ ಶ್ವಾಸಕೋಶ. ಇದಕ್ಕೆ ಕೊಡುವುದು ಅಟ್ರೋಪಿನ್.

ನಾಡಿ ಮಂದವಾದ ಸಾಧಾರಣ ರೋಗಿಗೆ 0.6 ಮಿ.ಗ್ರಾಂ.ನ ಒಂದು ಆಂಪ್ಯೂಲ್ ಸಾಕಾಗಬಹುದು. ಇಲ್ಲಿ ಎದುರಾಳಿಯ ಪ್ರಮಾಣ ಏರಿರುವುದರಿಂದ ಮೊದಲ ಸಲವೇ 1.8ರಿಂದ 3 ಮಿ.ಗ್ರಾಂ. ಕೊಡುತ್ತಾರೆ. ಐದು ನಿಮಿಷ ಕಾದು ಸ್ಟೆತಾಸ್ಕೋಪ್ ಇಟ್ಟು ಕೇಳುತ್ತಾರೆ. ಗೊರಗೊರ ನಿಂತಿಲ್ಲವೆ, ನಾಡಿ 80 ದಾಟಿಲ್ಲವೆ, ಡೋಸು ಇಮ್ಮಡಿ. ಮತ್ತೆ ಐದು ನಿಮಿಷ, ಮತ್ತೆ ಇಮ್ಮಡಿ. ಕಪ್ಪೆಯ ಸ್ನಾಯುವಿಗೆ ಮಾಡಿದ ಇಮ್ಮಡಿಯ ಏಣಿಯೇ ಇದು. ಏರುತ್ತಿರುವುದು ಆಂಟಾಗೊನಿಸ್ಟ್ ಎಂಬುದಷ್ಟೇ ವ್ಯತ್ಯಾಸ. ಒಟ್ಟು ಪ್ರಮಾಣ ಹತ್ತಾರು ಮಿ.ಗ್ರಾಂ. ಮುಟ್ಟಿ, ಖಾಲಿ ಆಂಪ್ಯೂಲುಗಳು ಟ್ರೇ ತುಂಬುವುದುಂಟು. ಎಲ್ಲಿ ನಿಲ್ಲಿಸಬೇಕೆಂದು ಯಾವ ಪುಸ್ತಕವೂ ಮುಂಚಿತವಾಗಿ ಹೇಳಲಾರದು. ಒಣಗಿದ ಎದೆಯೇ ಹೇಳಬೇಕು. ದಾಟಿ ಹೋದರೆ ರೋಗಿ ಬಡಬಡಿಸುತ್ತಾನೆ, ಬಟ್ಟೆ ಕಿತ್ತುಕೊಳ್ಳುತ್ತಾನೆ, ಮೈ ಕಾವೇರುತ್ತದೆ, ಕರುಳು ನಿಶ್ಶಬ್ದವಾಗುತ್ತದೆ. ಮದಗುಣಿಕೆ ಬೀಜ ತಿಂದವರಲ್ಲಿ ಹಳ್ಳಿಯವರು ಕಂಡಿರುವ ಚಿತ್ರವೇ ಇದು; ಆ ಗಿಡದಲ್ಲಿರುವುದೂ ಅಟ್ರೋಪಿನ್ ಮತ್ತು ಅದರ ಬಳಗವೇ.

ಅಟ್ರೋಪಿನ್ ಎಷ್ಟು ಕೊಟ್ಟರೂ ಒಂದು ಕೆಲಸ ಆಗುವುದಿಲ್ಲ. ಅದು ಹಿಡಿಯುವುದು ಗ್ರಂಥಿ, ಹೃದಯ, ಶ್ವಾಸನಾಳಗಳಲ್ಲಿರುವ ಮಸ್ಕರಿನಿಕ್ ಗ್ರಾಹಿಗಳನ್ನು. ಕೈಕಾಲು ಮತ್ತು ಉಸಿರಾಟದ ಸ್ನಾಯುಗಳಲ್ಲಿರುವವು ನಿಕೊಟಿನಿಕ್ ಗ್ರಾಹಿಗಳು. ಅಲ್ಲಿ ಅಟ್ರೋಪಿನ್‌ಗೆ ಪ್ರವೇಶವಿಲ್ಲ. ಎದೆ ಒಣಗಿ ಚೇತರಿಸಿಕೊಂಡಂತೆ ಕಂಡ ರೋಗಿಗೆ ಒಂದೆರಡು ದಿನ ಕಳೆದ ಮೇಲೆ ಕತ್ತು ಎತ್ತಲಾಗದೆ, ಉಸಿರೆಳೆಯಲಾಗದೆ ವೆಂಟಿಲೇಟರ್ ಬೇಕಾಗಬಹುದು. ಶ್ರೀಲಂಕಾದ ವೈದ್ಯರು 1987ರಲ್ಲಿ ವಿವರಿಸಿದ ಸ್ಥಿತಿ ಇದು.

ಕೆಲವು ಆಂಟಾಗೊನಿಸ್ಟುಗಳು ಹಿಡಿದದ್ದನ್ನು ಬಿಡುವುದೇ ಇಲ್ಲ. ಅಂಥಲ್ಲಿ ಆಗೊನಿಸ್ಟನ್ನು ಎಷ್ಟು ಏರಿಸಿದರೂ ರೇಖೆಯ ನೆತ್ತಿ ಮೇಲೇಳದು. ಅಡ್ರಿನಲಿನ್ ಸುರಿಸುವ ಫಿಯೊಕ್ರೊಮೊಸೈಟೋಮ ಗಡ್ಡೆ ತೆಗೆಯುವ ಮೊದಲು ಫಿನಾಕ್ಸಿಬೆಂಜಮಿನ್ ಕೊಡುವ ತರ್ಕ ಇದೇ. ಶಸ್ತ್ರವೈದ್ಯರ ಕೈ ತಾಗಿ ಗಡ್ಡೆ ಒಮ್ಮೆಗೇ ಅಡ್ರಿನಲಿನ್ ಚೆಲ್ಲಿದರೂ ಅದು ಪೈಪೋಟಿಯಲ್ಲಿ ಗೆಲ್ಲುವಂತಿರಬಾರದು.

ನಾಗರಹಾವಿನ ವಿಷದ ನರಘಾತಕ ಅಂಶ ಕುರಾರೆಯಂತೆಯೇ ನಿಕೊಟಿನಿಕ್ ಗ್ರಾಹಿಗಳ ಮೇಲೆ ಕೂರುತ್ತದೆ. ರೆಪ್ಪೆ ಜೋತುಬೀಳುವುದರಿಂದ ಶುರುವಾಗಿ ಉಸಿರು ನಿಲ್ಲುವವರೆಗೂ ಅದರ ಲಕ್ಷಣಗಳು. ಇದರ ದಾಯಾದಿಯೊಂದು, ತೈವಾನಿನ ಪಟ್ಟೆಯ ಕಟ್ಟುಹಾವಿನ ವಿಷದಿಂದ ಬೇರ್ಪಡಿಸಿದ ಬಂಗರೊಟಾಕ್ಸಿನ್, ವಿಜ್ಞಾನಕ್ಕೆ ದೊಡ್ಡ ಉಪಕಾರ ಮಾಡಿತು. ಅದು ಗ್ರಾಹಿಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದರೆ, 1970ರ ಸುಮಾರಿಗೆ ಪ್ಯಾರಿಸ್‌ನ ಜ್ಯಾನ್–ಪಿಯೇರ್ ಶಾಂಜೊ ಮತ್ತು ಸಂಗಡಿಗರು ಅದನ್ನೇ ಗುರುತಾಗಿಟ್ಟುಕೊಂಡು ವಿದ್ಯುತ್ ಈಲ್ ಮೀನಿನ ಅಂಗದಿಂದ ಗ್ರಾಹಿ ಪ್ರೋಟೀನನ್ನು ಗುರುತಿಸಿದರು. ಲ್ಯಾಂಗ್ಲಿಯ ಊಹೆಗೆ ಆಗ 65 ವರ್ಷ.

ಗ್ರಾಹಿಗಳ ಮನೆತನಗಳು

ಗ್ರಾಹಿಗಳು ನಾಲ್ಕು ಮುಖ್ಯ ಬಗೆ. ನಿಕೊಟಿನಿಕ್ ಗ್ರಾಹಿ ಒಂದು ಅಯಾನು ದ್ವಾರ. ಐದು ಘಟಕಗಳು ಸುತ್ತ ನಿಂತ ಅದರ ನಡುವಿನ ದಾರಿ ಎರಡು ಅಸಿಟೈಲ್‌ಕೊಲಿನ್ ಅಣುಗಳು ಕೂತೊಡನೆ ಮಿಲಿಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ. ಜೀವಕೋಶದೊಳಗಿನ ಜಿ–ಪ್ರೋಟೀನಿನ ಮೂಲಕ ಸಂದೇಶ ದಾಟಿಸುವ ಜಿ–ಪ್ರೋಟೀನ್ ಜೊತೆಗಾರ ಗ್ರಾಹಿಗಳಿಗೆ ಸೆಕೆಂಡುಗಳು ಬೇಕು. ಇನ್ಸುಲಿನ್ ಗ್ರಾಹಿಯಂಥ ಕಿಣ್ವಸಹಿತ ಗ್ರಾಹಿಗಳ ಪರಿಣಾಮ ಇನ್ನೂ ನಿಧಾನ. ಸ್ಟೀರಾಯ್ಡುಗಳ ಗ್ರಾಹಿಗಳು ಜೀವಕೋಶದ ಒಳಗಿದ್ದು ಜೀನುಗಳನ್ನೇ ಎಬ್ಬಿಸುತ್ತವೆ. ಫಲ ಗಂಟೆಗಳ ಮೇಲೆ. ತೀವ್ರ ಆಸ್ತಮಾದಲ್ಲಿ ಸಾಲ್ಬುಟಮಾಲ್ ನಿಮಿಷಗಳಲ್ಲಿ ಉಸಿರು ಸಡಿಲಿಸಿದರೂ ಸ್ಟೀರಾಯ್ಡನ್ನು ತಡಮಾಡದೆ ಕೊಡಬೇಕೆನ್ನುವುದು ಅದು ಫಲ ಕೊಡಲು ತಡವಾಗುತ್ತದೆ ಎಂದೇ.

ಇವುಗಳಲ್ಲಿ ದೊಡ್ಡ ಮನೆತನ ಜಿ–ಪ್ರೋಟೀನ್ ಜೊತೆಗಾರರದು. ಮನುಷ್ಯರಲ್ಲಿ ಇವಕ್ಕೆ ಸುಮಾರು 800 ಜೀನುಗಳಿವೆ. ಬಳಕೆಯಲ್ಲಿರುವ ಔಷಧಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಇವನ್ನೇ ಹಿಡಿಯುತ್ತವೆ. ಅಡ್ರಿನಲಿನ್‌ನ ಗ್ರಾಹಿಗಳು ಇದರಲ್ಲಿ ಸೇರಿವೆ. ಅಮೆರಿಕದ ರೇಮಂಡ್ ಆಲ್ಕ್ವಿಸ್ಟ್ 1948ರಲ್ಲಿ ಅಡ್ರಿನಲಿನ್‌ನಂಥ ಹಲವು ಪದಾರ್ಥಗಳನ್ನು ಬೇರೆ ಬೇರೆ ಅಂಗಗಳ ಮೇಲೆ ಹಾಕಿ, ಯಾವುದರ ಪೊಟೆನ್ಸಿ ಹೆಚ್ಚು ಯಾವುದರದು ಕಡಿಮೆ ಎಂದು ಸಾಲುಗೊಳಿಸಿದ. ಎರಡೇ ಸಾಲುಗಳು ಸಿಕ್ಕವು. ಹಾಗಾದರೆ ಗ್ರಾಹಿಯೂ ಎರಡು ಬಗೆ: ಆಲ್ಫಾ, ಬೀಟಾ. ಈ ಲೇಖನವನ್ನು ಔಷಧಶಾಸ್ತ್ರದ ಪತ್ರಿಕೆಯೊಂದು ತಿರಸ್ಕರಿಸಿದ್ದರಿಂದ ಅದು ಶರೀರಕ್ರಿಯಾಶಾಸ್ತ್ರದ ಪತ್ರಿಕೆಯಲ್ಲಿ ಬೆಳಕು ಕಂಡಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚಿನವರು ಗಮನಿಸದ ಅದನ್ನು ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಕೈಗೆತ್ತಿಕೊಂಡ. ಬೀಟಾ ಗ್ರಾಹಿಯನ್ನು ತಡೆದರೆ ಹೃದಯದ ದುಡಿಮೆ ತಗ್ಗಿ ಎದೆನೋವು ಕಡಿಮೆಯಾಗಬೇಕೆಂಬ ಅವನ ಎಣಿಕೆಯಿಂದ ಪ್ರೊಪ್ರಾನೊಲಾಲ್ ಹುಟ್ಟಿತು. ಮುಂದೆ ಹಿಸ್ಟಮಿನ್‌ಗೂ ಇದೇ ತರ್ಕ ಹೂಡಿ ಹೊಟ್ಟೆಹುಣ್ಣಿನ ಸಿಮೆಟಿಡಿನ್ ತಂದ. 1988ರ ನೊಬೆಲ್ ಬಹುಮಾನದಲ್ಲಿ ಅವನಿಗೆ ಪಾಲು ಬಂತು.

ಬೀಟಾ ಗ್ರಾಹಿಗಳಲ್ಲೇ ಒಂದು ಒಳಬಗೆಯಾದ ಬೀಟಾ–2 ಗ್ರಾಹಿಯ ಜೀನು 1986ರಲ್ಲಿ ಕೈಗೆ ಸಿಕ್ಕಿತು. ಅದರ ಸ್ಫಟಿಕರಚನೆ 2007ರಲ್ಲಿ, ಜಿ–ಪ್ರೋಟೀನಿನೊಡನೆ ಕೂಡಿದ ಸ್ಥಿತಿಯ ಚಿತ್ರ 2011ರಲ್ಲಿ ಹೊರಬಂದವು. ಲೆಫ್‌ಕೊವಿಟ್ಸ್ ಮತ್ತು ಕೊಬಿಲ್ಕ ಅವರಿಗೆ 2012ರ ನೊಬೆಲ್ ಇದಕ್ಕಾಗಿ. 413 ಅಮೈನೊ ಆಮ್ಲಗಳ ಈ ಸರಪಳಿ ಜೀವಕೋಶದ ಪೊರೆಯನ್ನು ಏಳು ಸಲ ದಾಟಿ ಹೊಲಿದಂತಿದೆ. ಹೊರಗಡೆ ಆಗೊನಿಸ್ಟ್ ಕೂತ ಗುಳಿ ಒಂದಿಷ್ಟೇ ಇಷ್ಟು ಕಿರಿದಾಗುತ್ತದೆ. ಒಳಗಡೆ ಆರನೆಯ ಸುರುಳಿಯ ತುದಿ 1.4 ನ್ಯಾನೊಮೀಟರ್ ದೂರ ಹೊರಚಾಚಿ ಜಿ–ಪ್ರೋಟೀನಿಗೆ ಜಾಗ ಬಿಡುತ್ತದೆ. ಔಷಧವನ್ನು ಬೀಗದ ಕೈಗೂ ಗ್ರಾಹಿಯನ್ನು ಬೀಗಕ್ಕೂ ಹೋಲಿಸುವ ರೂಢಿ 1894ರಲ್ಲಿ ಎಮಿಲ್ ಫಿಶರ್ ಕಿಣ್ವಗಳ ಬಗ್ಗೆ ಹೇಳಿದ್ದರಿಂದ ಬಂದದ್ದು. ಶಾಲೆಯಲ್ಲಿ ಅದು ಇರಲಿ; ಇಲ್ಲಿ ಅದು ದಾರಿ ತಪ್ಪಿಸುತ್ತದೆ. ಗ್ರಾಹಿ ಸದಾ ಅಲುಗಾಡುತ್ತಿರುವ ಪ್ರೋಟೀನು. ಔಷಧವಿಲ್ಲದೆಯೂ ಅದು ಆಗಾಗ ತಾನೇ ಜಾಗೃತ ಭಂಗಿಗೆ ಹೋಗಿಬರುತ್ತದೆ. ಆಗೊನಿಸ್ಟ್ ಆ ಭಂಗಿಯಲ್ಲಿ ಅದನ್ನು ಹೆಚ್ಚು ಹೊತ್ತು ನಿಲ್ಲಿಸುತ್ತದೆ, ಅಷ್ಟೆ. ನಿಷ್ಕ್ರಿಯ ಭಂಗಿಯಲ್ಲೇ ನಿಲ್ಲಿಸಿ, ಮೊದಲಿದ್ದ ಅಲ್ಪ ಚಟುವಟಿಕೆಯನ್ನೂ ಇಳಿಸುವ ಔಷಧಗಳಿವೆ. ಅವು ವಿಲೋಮ ಆಗೊನಿಸ್ಟುಗಳು. ಡಯಜೆಪಾಂ ಇನ್ನೊಂದು ಜಾತಿ. ಅದು ಗಾಬಾ ಎಂಬ ನರಸಂವಾಹಕ ಕೂರುವ ಜಾಗವನ್ನು ಮುಟ್ಟದೆ ಪಕ್ಕದಲ್ಲಿ ಕೂತು ಗಾಬಾದ ಕೆಲಸವನ್ನು ಹೆಚ್ಚಿಸುತ್ತದೆ. ಗಾಬಾ ಇದ್ದಷ್ಟಕ್ಕೇ ಅದರ ಆಟವಾದ್ದರಿಂದ ಹೆಚ್ಚು ನುಂಗಿದರೂ ಪರಿಣಾಮಕ್ಕೆ ಒಂದು ಮಿತಿಯಿದೆ. ಮದ್ಯದ ಜೊತೆ ಸೇರಿದಾಗ ಮಾತ್ರ ಆ ಭರವಸೆ ನಂಬತಕ್ಕದ್ದಲ್ಲ.

ಅಂಗಾಂಶದ ಪಾಲು

ಗ್ರಾಹಿಯನ್ನು ಹಿಡಿದ ಮೇಲೆ ಏನಾಗುತ್ತದೆ ಎಂಬುದು ಆ ಗ್ರಾಹಿ ಇರುವ ಜಾಗಕ್ಕೆ ಸೇರಿದ ವಿಷಯ. ರಾಬರ್ಟ್ ಫರ್ಚ್‌ಗಾಟ್ ವರ್ಷಗಟ್ಟಲೆ ಮೊಲದ ಮಹಾಧಮನಿಯ ಪಟ್ಟಿಗಳಿಗೆ ಅಸಿಟೈಲ್‌ಕೊಲಿನ್ ಹಾಕಿ ಅವು ಬಿಗಿಯುವುದನ್ನು ಕಂಡಿದ್ದ. ಜೀವಂತ ಪ್ರಾಣಿಯಲ್ಲಿ ಅದೇ ಪದಾರ್ಥ ರಕ್ತನಾಳಗಳನ್ನು ಸಡಿಲಿಸುತ್ತದೆ. ಒಗಟು ಬಿಡಿಸಿಕೊಂಡದ್ದು ಪಟ್ಟಿ ಕತ್ತರಿಸುವಾಗ ಒಳಮೈ ಉಜ್ಜಿಹೋಗುತ್ತಿದೆ ಎಂದು ತಿಳಿದಾಗ. ಒಳಪೊರೆ ಉಳಿಸಿಕೊಂಡು ಮಾಡಿದರೆ ನಾಳ ಸಡಿಲವಾಯಿತು. 1980ರಲ್ಲಿ ಅವನು ಇದನ್ನು ಪ್ರಕಟಿಸಿದ. ಒಳಪೊರೆಯ ಮಸ್ಕರಿನಿಕ್ ಗ್ರಾಹಿ ನೈಟ್ರಿಕ್ ಆಕ್ಸೈಡ್ ಹೊರಡಿಸಿ ಸಡಿಲಿಸುತ್ತಿತ್ತು, ಅದರಡಿಯ ಸ್ನಾಯುವಿನದು ಬಿಗಿಸುತ್ತಿತ್ತು.

ಗ್ರಾಹಿಯನ್ನೇ ಬಳಸಿಕೊಂಡು ಹೋಗುವ ದಾರಿಯೂ ಉಂಟು. ಬೀಟಾ ಗ್ರಾಹಿ ಎಚ್ಚೆತ್ತಾಗ ಜಿ–ಪ್ರೋಟೀನಿನ ಮೂಲಕ ಅಡಿನೈಲಿಲ್ ಸೈಕ್ಲೇಸ್ ಎಂಬ ಕಿಣ್ವ ಚುರುಕಾಗಿ, ಸೈಕ್ಲಿಕ್ ಎಎಂಪಿ ಎಂಬ ಒಳಸಂದೇಶ ಹೆಚ್ಚುತ್ತದೆ. ನಮ್ಮಲ್ಲಿ ಮಕಂದಿ ಬೇರು ಎಂದು ಬೆಳೆದು ಮಾರುವ ಕೋಲಿಯಸ್ ಗಿಡದ ಗೆಡ್ಡೆಯಿಂದ ಮುಂಬಯಿಯ ಹೆಕ್ಸ್ಟ್ ಸಂಶೋಧನಾಲಯ ಫೋರ್ಸ್ಕೊಲಿನ್ ಅನ್ನು ಬೇರ್ಪಡಿಸಿತ್ತು. ಅದು ಗ್ರಾಹಿಯ ಗೊಡವೆಗೇ ಹೋಗದೆ ಕಿಣ್ವವನ್ನು ನೇರವಾಗಿ ಚುರುಕುಗೊಳಿಸುತ್ತದೆ ಎಂದು 1981ರಲ್ಲಿ ಗೊತ್ತಾಯಿತು. ಉಪ್ಪಿನಕಾಯಿಗೂ ಹಾಕುವ ಈ ಗೆಡ್ಡೆಯ ಸಾರ, ಪರಿಣಾಮ ಕೆಟ್ಟಿರುವುದು ಗ್ರಾಹಿಯಲ್ಲೋ ಅದರ ಮುಂದಿನ ಹಂತದಲ್ಲೋ ಎಂದು ಪತ್ತೆ ಮಾಡಲು ಲೋಕದ ಪ್ರಯೋಗಾಲಯಗಳಲ್ಲೆಲ್ಲ ಬಳಕೆಗೆ ಬಂತು.

ಡೋಸು ಏರಿದಂತೆ ಒಂದೇ ಔಷಧ ಬೇರೆ ಬೇರೆ ಗ್ರಾಹಿಗಳನ್ನು ಹಿಡಿಯತೊಡಗುವುದೂ ಉಂಟು. ಐಸಿಯುನಲ್ಲಿ ಹನಿಸುವ ಡೋಪಮಿನ್ ಪ್ರತಿ ಕಿಲೊ ತೂಕಕ್ಕೆ ನಿಮಿಷಕ್ಕೆ ಒಂದೆರಡು ಮೈಕ್ರೊಗ್ರಾಂ ಇದ್ದಾಗ ತನ್ನದೇ ಗ್ರಾಹಿಗಳನ್ನು, 5–10ಕ್ಕೆ ಹೃದಯದ ಬೀಟಾ–1 ಗ್ರಾಹಿಗಳನ್ನು, 10 ದಾಟಿದ ಮೇಲೆ ರಕ್ತನಾಳ ಬಿಗಿಸುವ ಆಲ್ಫಾ ಗ್ರಾಹಿಗಳನ್ನು ಪ್ರಧಾನವಾಗಿ ಹಿಡಿಯುತ್ತದೆ. ನಿರ್ದಿಷ್ಟ ಗ್ರಾಹಿಗೇ ಮೀಸಲಾದ ಔಷಧ ಎಂಬ ಮಾತನ್ನು ಆದ್ದರಿಂದ ಡೋಸಿನೊಡನೆಯೇ ಓದಬೇಕು. ಸಾಲ್ಬುಟಮಾಲ್ ಬೀಟಾ–2ರದ್ದೇ ಆದರೂ ಹೆಚ್ಚಾದರೆ ಎದೆ ಡವಗುಟ್ಟುತ್ತದೆ. ಇನ್‌ಹೇಲರಿನ ಒಂದು ಪಫ್‌ನಲ್ಲಿ 100 ಮೈಕ್ರೊಗ್ರಾಂ ಇದ್ದರೆ ಮಾತ್ರೆಯಲ್ಲಿ 2ರಿಂದ 4 ಮಿ.ಗ್ರಾಂ., ಎಂದರೆ ಇಪ್ಪತ್ತರಿಂದ ನಲವತ್ತು ಪಟ್ಟು. ಇನ್‌ಹೇಲರ್ ಅಂದರೆ ಸ್ಟ್ರಾಂಗ್, ಅಭ್ಯಾಸವಾಗಿಬಿಡುತ್ತದೆ ಎಂದು ಹೆದರಿ ಮಾತ್ರೆಯನ್ನೇ ಕೇಳುವವರಿಗೆ ಈ ಲೆಕ್ಕವನ್ನು ಎಷ್ಟು ಸಲ ಹೇಳಿದರೂ ಸಾಲದು.

ಪದೇ ಪದೇ ಕೊಟ್ಟಾಗ

ಆಗೊನಿಸ್ಟನ್ನು ಬಿಡದೆ ಕೊಡುತ್ತಿದ್ದರೆ ಜೀವಕೋಶ ಕಿವಿ ಮುಚ್ಚಿಕೊಳ್ಳುತ್ತದೆ. ಬೀಟಾ ಗ್ರಾಹಿಯ ಒಳತುದಿಗೆ ನಿಮಿಷಗಳಲ್ಲಿ ಫಾಸ್ಫೇಟ್ ಅಂಟಿ, ಅರೆಸ್ಟಿನ್ ಎಂಬ ಪ್ರೋಟೀನು ಬಂದು ಜಿ–ಪ್ರೋಟೀನಿನ ದಾರಿ ಮುಚ್ಚುತ್ತದೆ. ಗಂಟೆಗಳು ಕಳೆದರೆ ಗ್ರಾಹಿಗಳೇ ಒಳಕ್ಕೆ ಹೋಗಿ ಸಂಖ್ಯೆ ಇಳಿಯುತ್ತದೆ. ಡೋಸಿನ ರೇಖೆ ಬಲಕ್ಕೆ ಸರಿದು ನೆತ್ತಿಯೂ ತಗ್ಗುತ್ತದೆ. ಆಂಟಾಗೊನಿಸ್ಟ್ ಕೊಡುತ್ತಿದ್ದರೆ ಇದಕ್ಕೆ ತಿರುಗುಮುರುಗು: ಗ್ರಾಹಿಗಳು ಹೆಚ್ಚುತ್ತವೆ. ಬಹುಕಾಲ ಪ್ರೊಪ್ರಾನೊಲಾಲ್ ತೆಗೆದುಕೊಂಡವರು ಥಟ್ಟನೆ ನಿಲ್ಲಿಸಿದರೆ, ಹೆಚ್ಚಿಕೊಂಡ ಗ್ರಾಹಿಗಳ ಮೇಲೆ ದೇಹದ್ದೇ ಅಡ್ರಿನಲಿನ್ ಎರಗಿ ಎದೆನೋವು ಮರುಕಳಿಸಬಹುದು. ಮಾತ್ರೆ ಮುಗಿದ ದಿನವೇ ಬಿಟ್ಟುಬಿಡಬೇಡಿ, ನಿಧಾನ ಇಳಿಸಿ ಎಂದು ವೈದ್ಯರು ಹೇಳುವುದು ಇದಕ್ಕೆ.

ಅರೆಸ್ಟಿನ್ ಬರೀ ತಡೆಯುವುದಿಲ್ಲ, ತನ್ನದೇ ಬೇರೆ ಸಂದೇಶಗಳನ್ನೂ ಹೊರಡಿಸುತ್ತದೆ ಎಂದು ತಿಳಿದ ಮೇಲೆ, ಬೇಕಾದ ದಾರಿಯನ್ನಷ್ಟೇ ತೆರೆಯುವ ಔಷಧಗಳ ಹುಡುಕಾಟ ಶುರುವಾಯಿತು. ಆ ಲೆಕ್ಕಾಚಾರದಿಂದ ಬಂದ ನೋವುನಿವಾರಕ ಆಲಿಸೆರಿಡಿನ್‌ಗೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಉಸಿರಾಟ ಕುಗ್ಗಿಸುವ ಎಚ್ಚರಿಕೆ ಅದರ ಲೇಬಲ್ಲಿನ ಮೇಲೂ ಇದೆ.

ಒಬ್ಬರಿಂದ ಹಲವರಿಗೆ

ಇಷ್ಟು ಹೊತ್ತು ಹೇಳಿದ ರೇಖೆ ಒಂದು ಅಂಗಾಂಶದ್ದು, ಏರುತ್ತ ಹೋಗುವಂಥದು. ಆಸ್ಪತ್ರೆಯಲ್ಲಿ ಕೇಳುವ ಪ್ರಶ್ನೆ ಬೇರೆ: ಈ ಡೋಸಿಗೆ ನೂರು ಜನರಲ್ಲಿ ಎಷ್ಟು ಮಂದಿಗೆ ನಿದ್ದೆ ಬರುತ್ತದೆ, ಎಷ್ಟು ಮಂದಿಗೆ ಬರುವುದಿಲ್ಲ? ಇಲ್ಲಿ ಪ್ರತಿಯೊಬ್ಬರ ಉತ್ತರವೂ ಹೌದು ಅಥವಾ ಇಲ್ಲ. ಆ ಎಣಿಕೆಯಿಂದ ಎಳೆದ ರೇಖೆಯೂ ಎಸ್ ಆಕಾರದಲ್ಲೇ ಇರುತ್ತದೆ, ಆದರೆ ಅದಕ್ಕೂ ಗ್ರಾಹಿ ತುಂಬುವ ಸೂತ್ರಕ್ಕೂ ನೇರ ಸಂಬಂಧವಿಲ್ಲ. ಜನರು ಒಬ್ಬರಂತೆ ಒಬ್ಬರಿಲ್ಲ ಎಂಬುದೇ ಅದರ ಆಕಾರಕ್ಕೆ ಕಾರಣ. ಅರ್ಧದಷ್ಟು ಮಂದಿಗೆ ಫಲ ಕೊಡುವ ಡೋಸು ಇಡಿ50. ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಡೋಸು ಎಲ್‌ಡಿ50; ಬ್ರಿಟನ್ನಿನ ಜೆ. ಡಬ್ಲ್ಯು. ಟ್ರೆವನ್ 1927ರಲ್ಲಿ ಡಿಜಿಟಾಲಿಸ್, ಇನ್ಸುಲಿನ್‌ನಂಥ ಔಷಧಗಳ ಬಲವನ್ನು ಬ್ಯಾಚಿನಿಂದ ಬ್ಯಾಚಿಗೆ ಸರಿದೂಗಿಸಲು ತಂದ ಅಳತೆ ಅದು. ಇವೆರಡರ ಅನುಪಾತವನ್ನು ಸುರಕ್ಷತೆಯ ಸೂಚ್ಯಂಕವೆಂದು ಪುಸ್ತಕಗಳಲ್ಲಿ ಕೊಡುತ್ತಾರೆ. ಅದನ್ನು ಅತಿಯಾಗಿ ನಂಬಬಾರದು. ಎರಡು ರೇಖೆಗಳ ನಡುಬಿಂದುಗಳು ದೂರವಿದ್ದರೂ ಅವುಗಳ ಬಾಲಗಳು ಒಂದರ ಮೇಲೊಂದು ಬಿದ್ದಿರಬಹುದು; ಅತಿ ಸೂಕ್ಷ್ಮ ದೇಹದ ಒಬ್ಬರಿಗೆ ವಿಷವಾಗುವ ಡೋಸು ಮೊಂಡುದೇಹದ ಇನ್ನೊಬ್ಬರಿಗೆ ಫಲವನ್ನೇ ಕೊಡದಿರಬಹುದು.

ಅಂಥ ಇಕ್ಕಟ್ಟಿನ ಔಷಧಗಳಲ್ಲಿ ವೈದ್ಯರು ಮಿ.ಗ್ರಾಂ. ಬಿಟ್ಟು ರಕ್ತದ ಮಟ್ಟವನ್ನು ಹಿಂಬಾಲಿಸುತ್ತಾರೆ. ಹೃದಯ ವೈಫಲ್ಯದಲ್ಲಿ ಡಿಗಾಕ್ಸಿನ್ ಮಟ್ಟ ಪ್ರತಿ ಮಿ.ಲೀ.ಗೆ 0.5–0.9 ನ್ಯಾನೊಗ್ರಾಂ ಇರಬೇಕು. 2 ದಾಟಿದರೆ ಹೃದಯದ ಲಯ ತಪ್ಪುವ ಭಯ, ಪೊಟ್ಯಾಸಿಯಂ ತಗ್ಗಿದ್ದರೆ ಅದಕ್ಕಿಂತ ಮೊದಲೇ. ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರ ಮಟ್ಟ ಲೀಟರಿಗೆ 0.6ರಿಂದ 1.2 ಮಿಲಿಮೋಲ್ ನಡುವೆ ಇರಬೇಕು, 1.5ಕ್ಕೆ ಕೈನಡುಕ, ವಾಂತಿ, ತೊದಲು ಕಾಣಿಸಿಕೊಳ್ಳಬಹುದು. ರಾತ್ರಿಯ ಮಾತ್ರೆ ನುಂಗಿ ಹನ್ನೆರಡು ಗಂಟೆ ಕಳೆದ ಮೇಲೆ, ಬೆಳಗಿನದನ್ನು ನುಂಗುವ ಮೊದಲು ರಕ್ತ ಕೊಡಬೇಕು. ಬೇಸಗೆಯಲ್ಲಿ ಭೇದಿಯಾಗಿ ಮೈಯ ನೀರು ಇಂಗಿದರೆ, ಅಥವಾ ಮೊಣಕಾಲು ನೋವಿಗೆಂದು ಅಂಗಡಿಯಿಂದ ಐಬುಪ್ರೊಫೆನ್ ತಂದು ನುಂಗಿದರೆ, ಮಾತ್ರೆಯ ಸಂಖ್ಯೆ ಬದಲಾಗದಿದ್ದರೂ ಲಿಥಿಯಂ ಮಟ್ಟ ಏರುತ್ತದೆ.